ಬೈಸಿಕಲ್ಲಿನ ಸಂಧಿಪ್ರಕರಣ

ಎರಡು ವಸ್ತುಗಳನ್ನು ಒಂದಾಗಿ ಕೂಡಿಸುವುದು ಲೋಕದಲ್ಲಿ ಬಹಳ ಕಷ್ಟವಾದ ಕಾರ್ಯ. ಅತ್ತೆ ಸೊಸೆಯರ ನಡುವೆ ರಾಜಿ ಮಾಡಿಸಹೊರಟವರೂ, ಅಣ್ಣತಮ್ಮಂದಿರ ಪಾಲುಪತ್ರವನ್ನು ಬರೆಯಲು ಕುಳಿತವರೂ ಇದನ್ನು ಚೆನ್ನಾಗಿ ಬಲ್ಲರು. ವ್ಯಾಕರಣವನ್ನು ಓದಿದವರಿಗೆ ಮಾತ್ರ ಇದು ಸುಲಭವಾಗಿ ತೋರುತ್ತದೆ. ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಒಂದರ ಬಳಿಗೊಂದು ಬಂದರೆ ಸಾಕು, ಸಂಧಿಯಾಗಿಯೇ ಹೋಯಿತು. ಪಾಠಶಾಲೆಯಲ್ಲಿ ಅಂಗವಸ್ತ್ರವನ್ನು ಹೊದೆದು ಈ ಸಂಧಿಗಳನ್ನು ಕಲಿತವನು ನಾನು. ಅನಂತರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳಲ್ಲಿ ಸೇವಾವಧಿಯೆಲ್ಲವನ್ನೂ ಅವುಗಳನ್ನು ಕಲಿಸುವುದರಲ್ಲಿಯೇ ಕಳೆದವನು. ಇಂಥವನು ಬೈಸಿಕಲ್ಲಿನ ಹ್ಯಾಂಡಲ್ಲನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರೀತು. ಆದರೆ ಅಕ್ಷರಸಂಧಿಯಲ್ಲಿ ಹುಡುಗನು ತಪ್ಪಿದರೆ ಒಂದು ಅಂಕ ಹೋಗುತ್ತದೆ. ಹ್ಯಾಂಡಲ್ಲಿನ ಸಂಧಿಯಲ್ಲಿ ತಪ್ಪಾದರೆ ಅವನ ಹಲ್ಲು ಹೋಗುತ್ತದೆ. ಹಿಂದೆ ಲಾರಿಯೊಂದು ಬರುತ್ತಿದ್ದರೆ ಹಲ್ಲಿಗಿಂತ ದೊಡ್ಡದೇ ಹೋದೀತು. ಆದುದರಿಂದ ಮೊದಲನೆಯದಕ್ಕಿಂತ ಎರಡನೆಯದನ್ನು ಕುರಿತು ಹೆಚ್ಚು ಯೋಚಿಸತಕ್ಕದ್ದೆಂದು ನನ್ನ ಅಭಿಪ್ರಾಯ.

ಬೈಸಿಕಲ್ಲಿಗೂ ನನಗೂ ಇರುವ ಸಂಬಂಧವು ಹಳೆಯದು. ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆಯ ಮೇಲೆ ಬೀಸುವ ಗಾಳಿಯನ್ನೂ, ನ್ಯಾಮತಿಯ ಕಡೆಯ ಮಳೆಗಾಲದ ಕೆಸರನ್ನೂ, ಜಗಳೂರಿನ ಬಯಲಿನಲ್ಲಿ ನೆರಳೇ ಇಲ್ಲದ ದಾರಿಯ ಬಿಸಿಲನ್ನೂ ನಾನು ಅದರ ಮೇಲೆ ಕುಳಿತೇ ಅರಿತುಕೊಂಡೆ. ಆ ದಿನಗಳ ಕರಿಯ ಬೈಸಿಕಲ್ಲುಗಳು, ಅಟ್ಲಾಸಾಗಲಿ ಹೀರೋ ಆಗಲಿ ಹರ್ಕ್ಯುಲಿಸಾಗಲಿ, ಒಂದೇ ಅಚ್ಚಿನಲ್ಲಿ ಎರೆದಂತೆ ಇರುತ್ತಿದ್ದುವು. ಅವುಗಳ ಹ್ಯಾಂಡಲ್ಲೂ, ಆ ಹ್ಯಾಂಡಲ್ಲನ್ನು ಹೊತ್ತು ಫೋರ್ಕಿನೊಳಕ್ಕೆ ಇಳಿಯುವ ಕೊರಳೂ ಒಂದಕ್ಕೊಂದು ಬೆಸೆದ ಒಂದೇ ಅಂಗವಾಗಿದ್ದುವು. ಬ್ರೇಕಿನ ಸರಳುಗಳು ಸಹ ಅದಕ್ಕೇ ತಗುಲಿಕೊಂಡಿದ್ದುವು. ಅಲ್ಲಿ ಸಂಧಿಯೆಂಬ ಪ್ರಶ್ನೆಯೇ ಇರಲಿಲ್ಲ. ಕೆಟ್ಟರೆ ಇಡಿಯ ಅಂಗವನ್ನು ತೆಗೆದು, ಬೇರೆ ಕಂಪೆನಿಯ ಅಂಥದೇ ಅಂಗವನ್ನು ಹಾಕಿದರೂ ಅದು ಮರುಮಾತಿಲ್ಲದೆ ಕುಳಿತುಕೊಳ್ಳುತ್ತಿತ್ತು.

ಆ ಕಾಲವು ಕಳೆಯಿತು. 1951ರಲ್ಲಿ ಸೋನೀಪತ್ತಿನಲ್ಲಿ ಆರಂಭವಾದ ಅಟ್ಲಾಸ್ ಕಂಪೆನಿಯ ಕಡೆಯ ಕಾರ್ಖಾನೆಯು 2020ನೆಯ ಇಸವಿ ಜೂನ್ 3ರಂದು ಕೆಲಸವನ್ನು ನಿಲ್ಲಿಸಿತು. ಆ ದಿನವು ವಿಶ್ವ ಬೈಸಿಕಲ್ ದಿನವಾಗಿದ್ದುದು ವಿಧಿಯ ಪರಿಹಾಸ್ಯವೆನ್ನಬೇಕು. ನಮ್ಮ ಸರ್ಕಾರವು 2006-07ರಲ್ಲಿ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗಾಗಿ ಬೈಸಿಕಲ್ಲನ್ನು ಹಂಚುವ ಯೋಜನೆಯನ್ನು ಪ್ರಾರಂಭಿಸಿತು. ಕೋವಿಡ್ ಕಾಲದಲ್ಲಿ ಅದೂ ನಿಂತಿತು. ಆದರೆ ಆ ವರ್ಷಗಳ ಬೈಸಿಕಲ್ಲುಗಳು ನಮ್ಮ ಹಳ್ಳಿಗಳ ಹಿತ್ತಿಲುಗಳಲ್ಲಿಯೂ ದನದ ಕೊಟ್ಟಿಗೆಗಳಲ್ಲಿಯೂ ಇನ್ನೂ ಇವೆ. ಅವುಗಳ ಪಕ್ಕದಲ್ಲಿ ಪೇಟೆಯಿಂದ ಬಂದ ಗೇರಿನ ಬೈಸಿಕಲ್ಲುಗಳು ನಿಂತಿವೆ. ಒಂದರ ಚಕ್ರ, ಇನ್ನೊಂದರ ಪೆಡಲು, ಮತ್ತೊಂದರ ಹ್ಯಾಂಡಲ್ಲು ಸೇರಿ ಒಂದು ಬೈಸಿಕಲ್ಲಾಗುವುದು ಇಂದು ಬಡವರ ಮನೆಯ ವಾಡಿಕೆ.

ಇಂಥದೊಂದು ಪ್ರಸಂಗವು ನನ್ನ ಪಾಲಿಗೂ ಬಂದಿತು. ಚನ್ನಗಿರಿಯಲ್ಲಿ ನಮ್ಮ ಮನೆಗೆ ಹಾಲು ತಂದುಕೊಡುವ ಹುಡುಗನೊಬ್ಬನಿದ್ದಾನೆ. ಅವನ ಹಳ್ಳಿಯು ಏಳು ಕಿಲೋಮೀಟರು ದೂರ. ತಾಯಿಯು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾಳೆ. ಹುಡುಗನು ಒಂಬತ್ತನೆಯ ತರಗತಿಯಲ್ಲಿ ಓದುತ್ತಾನೆ. ಅವನಿಗೆ ಯಾರೋ ಬಂಧುಗಳು ಗೇರಿನ ಹಳೆಯ ಬೈಸಿಕಲ್ಲೊಂದನ್ನು ಕೊಟ್ಟರು. ಅದರ ಹ್ಯಾಂಡಲ್ಲು ಎಲ್ಲಿಯೋ ಬಿದ್ದು ಬಗ್ಗಿಹೋಗಿತ್ತು. ಸೋದರಮಾವನು ದಾವಣಗೆರೆಯ ಹಳೆಯ ಸಾಮಾನಿನ ಅಂಗಡಿಯಿಂದ ಬೇರೊಂದು ಹ್ಯಾಂಡಲ್ಲನ್ನು ತಂದನು. ಅದನ್ನು ಕೊರಳಿನ ಬಾಯಿಯಲ್ಲಿಟ್ಟು ನೋಡಿದರೆ, ತಾತನ ಅಂಗಿಯನ್ನು ತೊಟ್ಟ ಮೊಮ್ಮಗನಂತೆ ಸುತ್ತಲೂ ಸಡಿಲ. ಮಾವನು ಹಳೆಯ ಟ್ಯೂಬಿನ ರಬ್ಬರನ್ನು ಪಟ್ಟಿಯಾಗಿ ಕತ್ತರಿಸಿ, ಹ್ಯಾಂಡಲ್ಲಿಗೆ ನಾಲ್ಕಾರು ಸುತ್ತು ಸುತ್ತಿ, ತಿರುಪುಗಳನ್ನು ಬಲವಾಗಿ ಬಿಗಿದುಬಿಟ್ಟಿದ್ದನು.

ಹುಡುಗನು ಅದನ್ನು ಸಂತೋಷದಿಂದ ನನಗೆ ತೋರಿಸಿದನು. ನಾನು ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ, ಎರಡು ಕೈಗಳಿಂದಲೂ ಹ್ಯಾಂಡಲ್ಲಿನ ಮೇಲೆ ಭಾರವನ್ನು ಬಿಟ್ಟೆನು. ನಿದ್ರೆ ಬಂದವನ ತಲೆಯಂತೆ ಅದು ಮೆಲ್ಲನೆ ಮುಂದಕ್ಕೆ ವಾಲಿತು.

“ಇದರ ಮೇಲೆ ನಾಳೆ ಹೋಗಬೇಡಪ್ಪ” ಎಂದೆನು.

ಅವನ ತಾಯಿಯು ಅಂದೇ ಸಂಜೆ ಬಂದಳು. “ಮೇಷ್ಟ್ರೇ, ಬಸ್ಸು ಹೊತ್ತಿಗೆ ಸರಿಯಾಗಿ ಬರಂಗಿಲ್ಲ. ಸೈಕಲ್ ಇಲ್ಲಾಂದ್ರೆ ಇವನು ಸ್ಕೂಲು ಬಿಡ್ತಾನೆ. ಹೊಸದು ತಗಳಾಕೆ ನಮ್ಮ ಕೈಲಿ ಆಗುತ್ತಾ?” ಎಂದಳು.

ಆಕೆಯ ಮಾತಿನಲ್ಲಿದ್ದ ಕಷ್ಟವು ನನ್ನ ಮನಸ್ಸನ್ನು ಬಹಳವಾಗಿ ಹಿಡಿಯಿತು. ಬೈಸಿಕಲ್ಲಿಲ್ಲದಿದ್ದರೆ ವಿದ್ಯೆಗೆ ಚ್ಯುತಿ. ಇರುವ ಬೈಸಿಕಲ್ಲನ್ನು ಹತ್ತಿದರೆ ಮೈಗೆ ಅಪಾಯ. “ಸರಿಯಾದ ಹೊಸ ಭಾಗವನ್ನೇ ಕೊಂಡುಕೊಳ್ಳಿರಿ” ಎಂದು ಉಪದೇಶಿಸುವುದು ಸುಲಭ. ಉಪದೇಶವನ್ನು ಕೊಡುವುದರಲ್ಲಿ ನಮ್ಮ ವೃತ್ತಿಯವರು ಎಂದೂ ಜಿಪುಣರಲ್ಲ. ಆದರೆ ಹೊಂದದಿರುವುದನ್ನು ಹೊಂದಿಸಿಯೇ ಬದುಕಬೇಕಾದವರಿಗೆ, ಅಪಾಯವಿಲ್ಲದೆ ಹೊಂದಿಸುವುದು ಹೇಗೆಂಬುದನ್ನು ಹೇಳಿಕೊಡುವುದಲ್ಲವೆ ನಿಜವಾದ ಪಾಠ? ನಮ್ಮೂರಿನ ಬೈಸಿಕಲ್ ರಿಪೇರಿಯ ಸಾಹೇಬರೂ ನಾನೂ ಕೂಡಿ ಈ ಪಾಠವನ್ನು ಕೈಕೊಂಡೆವು. ಅವರದು ಪ್ರಯೋಗ, ನನ್ನದು ಲಕ್ಷಣ.

ಮೊದಲು ಅಳತೆ. ಹ್ಯಾಂಡಲ್ಲಿನ ನಡುಭಾಗದ ವ್ಯಾಸವು ಎಲ್ಲ ಬೈಸಿಕಲ್ಲುಗಳಲ್ಲಿಯೂ ಒಂದೇ ಅಲ್ಲ. 22.2 ಮಿಲಿಮೀಟರು, ಎಂದರೆ ಅಂಗುಲದ ಎಂಟರಲ್ಲೇಳು ಪಾಲು, ಚಿಕ್ಕ ಮಕ್ಕಳ ಬಿ.ಎಂ.ಎಕ್ಸ್. ಬೈಸಿಕಲ್ಲುಗಳಲ್ಲಿ ಕಾಣುವುದು. 25.4, ಎಂದರೆ ಸರಿಯಾಗಿ ಒಂದು ಅಂಗುಲ, ಬಹುಕಾಲದಿಂದ ಬಳಕೆಯಲ್ಲಿರುವುದು. 26.0 ಎಂಬುದು ಇಟಲಿಯವರ ಪಂದ್ಯದ ಬೈಸಿಕಲ್ಲುಗಳಿಂದ ಬಂದದ್ದು. 31.8 ಎಂಬುದು ಈಗಿನ ಗೇರಿನ ಬೈಸಿಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು. ಬೆಟ್ಟದ ಹಾದಿಯ ಹೊಸ ಬೈಸಿಕಲ್ಲುಗಳಲ್ಲಿ 35 ಸಹ ಉಂಟು. ಇವುಗಳಲ್ಲಿ 25.4ಕ್ಕೂ 26.0ಕ್ಕೂ ಇರುವ ಅಂತರವು ಕಣ್ಣಿಗೆ ಕಾಣುವಂಥದಲ್ಲ; ಅದೇ ಹೆಚ್ಚು ಮೋಸ ಮಾಡುವುದು.

ವರ್ನಿಯರ್ ಕ್ಯಾಲಿಪರ್ ಇದ್ದವರು ಅದರಿಂದ ಅಳೆಯಲಿ. ಇಲ್ಲದವರಿಗೆ ಆರ್ಯಭಟನಿದ್ದಾನೆ. 20,000 ವ್ಯಾಸವುಳ್ಳ ವೃತ್ತದ ಪರಿಧಿಯು ಸುಮಾರು 62,832 ಎಂದು ಕ್ರಿ.ಶ. 499ರ ಸುಮಾರಿನಲ್ಲಿ ಅವನು ಹೇಳಿಟ್ಟನು. ಎಂದರೆ ವ್ಯಾಸದ 3.1416ರಷ್ಟು. ತೆಳುವಾದ ಕಾಗದದ ಪಟ್ಟಿಯನ್ನು ಹ್ಯಾಂಡಲ್ಲಿನ ನಡುವೆ ಬಿಗಿಯಾಗಿ ಸುತ್ತಿ, ಪಟ್ಟಿಯ ಎರಡು ಪದರಗಳು ಕೂಡುವ ಸ್ಥಳದಲ್ಲಿ ಸೂಜಿಯಿಂದ ಚುಚ್ಚಬೇಕು. ಕಾಗದವನ್ನು ಬಿಡಿಸಿ ಎರಡು ರಂಧ್ರಗಳ ನಡುವಿನ ದೂರವನ್ನು ಶಾಲೆಯ ಅಡಿಪಟ್ಟಿಯಿಂದ ಅಳೆದರೆ ಪರಿಧಿಯು ದೊರೆಯುವುದು. 22.2ರ ಹ್ಯಾಂಡಲ್ಲಿಗೆ ಅದು 69.7 ಮಿಲಿಮೀಟರು, 25.4ಕ್ಕೆ 79.8, 26.0ಕ್ಕೆ 81.7, 31.8ಕ್ಕೆ 99.9. ವ್ಯಾಸದಲ್ಲಿ ಅಡಗಿ ಕುಳಿತಿದ್ದ ಅರ್ಧ ಮಿಲಿಮೀಟರಿನ ಮೋಸವು ಪರಿಧಿಯಲ್ಲಿ ಸುಮಾರು ಎರಡು ಮಿಲಿಮೀಟರಾಗಿ ಹೊರಬೀಳುವುದನ್ನು ನೋಡಿ ಹುಡುಗನು ಚಪ್ಪಾಳೆ ತಟ್ಟಿದನು. ಅವನ ಹ್ಯಾಂಡಲ್ಲಿನ ರಂಧ್ರಗಳ ನಡುವೆ 80ಕ್ಕೆ ಕೂದಲೆಳೆಯಷ್ಟು ಕಡಮೆ ಇತ್ತು, ಆದುದರಿಂದ 25.4. ಕೊರಳಿನ ಬಾಯಿಯ ಮೇಲೆ 31.8 ಎಂದು ಕೆತ್ತಿಯೇ ಇತ್ತು.

ಇನ್ನು ಸಂಧಿಕಾರ್ಯ. ಕನ್ನಡ ವ್ಯಾಕರಣದಲ್ಲಿ ಸಂಧಿಯು ಲೋಪ, ಆಗಮ, ಆದೇಶವೆಂದು ಮೂರು ಬಗೆಯಾಗಿ ನಡೆಯುವುದನ್ನು ಓದುಗರು ಬಾಲ್ಯದಲ್ಲಿಯೇ ಕಲಿತಿರುವರು. ‘ಮನೆ’ ಎಂಬುದಕ್ಕೆ ‘ಅನ್ನು’ ಸೇರುವಾಗ ನಡುವೆ ಯಕಾರವೊಂದು ಬಂದು ‘ಮನೆಯನ್ನು’ ಎಂದಾಗುವುದು ಆಗಮ. ‘ಮಳೆ’ಗೆ ‘ಕಾಲ’ ಸೇರುವಾಗ ಕಕಾರವು ಹೋಗಿ ಅದರ ಸ್ಥಾನದಲ್ಲಿ ಗಕಾರವು ಕುಳಿತು ‘ಮಳೆಗಾಲ’ವಾಗುವುದು ಆದೇಶ. ‘ಮಾತು’ ‘ಇಲ್ಲ’ ಎಂಬೆರಡು ಸೇರುವಾಗ ಉಕಾರವು ಅಳಿದು ‘ಮಾತಿಲ್ಲ’ವಾಗುವುದು ಲೋಪ. ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ಕೂಡುವುದೆಂದೂ, ಆದೇಶವು ಶತ್ರುವಿನಂತೆ ಇದ್ದವನನ್ನು ಎಬ್ಬಿಸಿ ಕೂಡುವುದೆಂದೂ ಪಾಠಶಾಲೆಗಳಲ್ಲಿ ಹೇಳುವ ವಾಡಿಕೆಯುಂಟು. ಈ ಮೂರೂ ಹ್ಯಾಂಡಲ್ಲಿಗೆ ಅನ್ವಯಿಸುತ್ತವೆ. ಆದರೆ ಭೇದವೊಂದಿದೆ: ಅಕ್ಷರಗಳಲ್ಲಿ ಮೂರೂ ಸಾಧು, ಲೋಹದಲ್ಲಿ ಎರಡು ಮಾತ್ರ ಸಾಧು.

ಆಗಮವೆಂದರೆ ಶಿಮ್. ಹ್ಯಾಂಡಲ್ಲಿಗೂ ಕೊರಳಿಗೂ ನಡುವೆ ಕೂಡಿಸುವ ಅಲ್ಯೂಮಿನಿಯಮ್ಮಿನ ಬಳೆಯಂಥ ಒತ್ತು ಇದು. 25.4ರ ಹ್ಯಾಂಡಲ್ಲು 31.8ರ ಬಾಯಿಗೆ ಸೇರಬೇಕಾದರೆ ಈ ಬಳೆಯ ದಪ್ಪವು ಎಲ್ಲ ಕಡೆಯೂ 3.2 ಮಿಲಿಮೀಟರು ಇರತಕ್ಕದ್ದು, 26.0ರ ಬಾಯಿಗಾದರೆ ಕೇವಲ 0.3. ಅದು ಕೊರಳಿನ ಬಾಯಿಯ ಪೂರ್ಣ ಅಗಲವನ್ನೂ ತುಂಬಬೇಕು. ಅದರಲ್ಲಿ ಸೀಳಿರಬೇಕು, ಅಥವಾ ಅದು ಎರಡು ಹೋಳಾಗಿರಬೇಕು. ಆ ಸೀಳು ಕೊರಳಿನ ಬಾಯಿಯ ಸಂದಿಗೆ ನೇರವಾಗಿ ಬರಬೇಕು. ಹಾಗಿಲ್ಲವಾದರೆ ತಿರುಪನ್ನು ಎಷ್ಟು ಬಿಗಿದರೂ ಆ ಬಿಗಿಯು ಬಳೆಯಲ್ಲಿಯೇ ನಿಂತು, ಹ್ಯಾಂಡಲ್ಲನ್ನು ಮುಟ್ಟುವುದಿಲ್ಲ. ನಮಗೆ ಬೇಕಾದ ಬಳೆಯನ್ನು ದಾವಣಗೆರೆಯ ಲೇತ್ ಕೆಲಸಗಾರರೊಬ್ಬರು ಕಡೆದು ಕೊಟ್ಟರು.

ರಬ್ಬರಿನ ಪಟ್ಟಿಯೂ ನಡುವೆ ಬಂದು ಕೂಡುವುದೇ ಅಲ್ಲವೆ, ಅದೇಕೆ ಆಗಮವಾಗಬಾರದು ಎಂದು ಹುಡುಗನು ಕೇಳಿದನು. ಪ್ರಶ್ನೆಯು ಯೋಗ್ಯವಾದುದು. ಮಿತ್ರನಾದವನು ಭಾರ ಬಿದ್ದಾಗ ಕುಗ್ಗಬಾರದು. ರಬ್ಬರು ಒತ್ತಿದರೆ ಕುಗ್ಗುವುದು, ಬಿಸಿಲಿಗೆ ಮೆದುವಾಗುವುದು, ಕಾಲಕ್ರಮದಲ್ಲಿ ಹರಿದು ಪುಡಿಯಾಗುವುದು. ಪಾನೀಯದ ಡಬ್ಬಿಯ ತಗಡನ್ನು ಸುತ್ತುಸುತ್ತಾಗಿ ಸುತ್ತುವವರೂ ಉಂಟು. ಅಲ್ಲಿ ಪದರವು ಪದರದ ಮೇಲೆ ಜಾರುವುದು. ಬಟ್ಟೆ, ಬಿದಿರಿನ ಸಿಬಿರು, ಕಾಗದ ಇವುಗಳ ಮಾತನ್ನಾಡುವುದೇ ಬೇಡ.

ಆದೇಶವೆಂದರೆ ಕೊರಳನ್ನೇ ತೆಗೆದು, ಹ್ಯಾಂಡಲ್ಲಿಗೆ ಒಪ್ಪುವ ಬೇರೆ ಕೊರಳನ್ನು ಅದರ ಸ್ಥಾನದಲ್ಲಿ ಇಡುವುದು. ಹಳಬನಿಗೆ ಇದು ಶತ್ರುಕೃತ್ಯವಾದರೂ ಸವಾರನಿಗೆ ಹಿತವೇ. ಶಿಮ್ ದೊರೆಯದಿದ್ದಲ್ಲಿ ಇದೇ ಉತ್ತಮ ಮಾರ್ಗ. ಆದರೆ ಕೊರಳಿಗೆ ಎರಡು ಕಡೆಯೂ ಸಂಧಿ ಇರುವುದನ್ನು ಮರೆಯತಕ್ಕದ್ದಲ್ಲ. ಮೇಲೆ ಅದು ಹ್ಯಾಂಡಲ್ಲನ್ನು ಹಿಡಿಯುವಂತೆ, ಕೆಳಗೆ ಫೋರ್ಕನ್ನು ಹಿಡಿಯಬೇಕು. ಹಳೆಯ ಬಗೆಯಲ್ಲಿ 22.2 ಮಿಲಿಮೀಟರಿನ ಕಾಂಡವು ಫೋರ್ಕಿನ ನಳಿಗೆಯೊಳಕ್ಕೆ ಇಳಿದು, ತುದಿಯಲ್ಲಿರುವ ಬೆಣೆಯು ತಿರುಪಿನಿಂದ ಮೇಲಕ್ಕೆ ಎಳೆಯಲ್ಪಟ್ಟು ಬಿಗಿಯಾಗುವುದು. ಹೊಸ ಬಗೆಯಲ್ಲಿ ಸಾಮಾನ್ಯವಾಗಿ 28.6 ಮಿಲಿಮೀಟರಿನ ನಳಿಗೆಯನ್ನು ಕೊರಳು ಹೊರಗಿನಿಂದ ಅಪ್ಪಿಕೊಳ್ಳುವುದು. ಹಳೆಯ ಬಗೆಯ ಕಾಂಡದ ಮೇಲೆ ಒಂದು ಗೀಟನ್ನು ಕೆತ್ತಿರುತ್ತಾರೆ. ಆ ಗೀಟು ಹೊರಗೆ ಕಂಡರೆ ಕಾಂಡವು ಸಾಕಷ್ಟು ಒಳಗೆ ಇಳಿದಿಲ್ಲವೆಂದು ಅರ್ಥ. ಉದ್ದನೆಯ ಹುಡುಗರು ಹ್ಯಾಂಡಲ್ಲನ್ನು ಎತ್ತರಿಸಬೇಕೆಂದು ಈ ಗೀಟನ್ನು ಮೀರಿ ಎಳೆಯುವುದುಂಟು. ಅದು ಲಕ್ಷ್ಮಣರೇಖೆ, ದಾಟತಕ್ಕದ್ದಲ್ಲ.

ಉಳಿದದ್ದು ಲೋಪ. ದಪ್ಪನೆಯ ಹ್ಯಾಂಡಲ್ಲು ಸಣ್ಣ ಬಾಯಿಗೆ ಹಿಡಿಸದಿದ್ದರೆ ಕೆಲವರು ಅರವನ್ನು ತೆಗೆದುಕೊಂಡು ಹ್ಯಾಂಡಲ್ಲನ್ನು ಉಜ್ಜುತ್ತಾರೆ; ಕೆಲವರು ಕೊರಳಿನ ಬಾಯಿಗೆ ಉಳಿಯನ್ನಿಟ್ಟು ಬಡಿದು ಅಗಲಿಸುತ್ತಾರೆ. ಅಕ್ಷರವು ಲೋಪವಾದರೂ ಅದರ ಅರ್ಥವು ಉಳಿಯುವುದು. ಲೋಹವು ಲೋಪವಾದರೆ ಅದರೊಡನೆ ಬಲವೂ ಹೋಗುವುದು. ಹ್ಯಾಂಡಲ್ಲಿನ ಎರಡು ತುದಿಗಳ ಮೇಲೆ ಸವಾರನ ಭಾರವು ಬಿದ್ದಾಗ, ಅದು ಅತ್ಯಂತ ಹೆಚ್ಚಾಗಿ ಬಾಗಲೆಳಸುವುದು ಕೊರಳಿನ ಬಾಯಿಯ ಅಂಚಿನಲ್ಲಿಯೇ. ಅರದ ಗೀರು ಬೀಳುವುದೂ ಅಲ್ಲಿಯೇ. ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಮೆಯಾದ ಭಾರವನ್ನು ಎಷ್ಟು ಸಲ ಹೊತ್ತರೂ ಅದು ದಣಿಯದು. ಅಲ್ಯೂಮಿನಿಯಮ್ಮಿಗೆ ಅಂಥ ಅಭಯವಿಲ್ಲ. ಪ್ರತಿಯೊಂದು ಹಳ್ಳವೂ ಪ್ರತಿಯೊಂದು ಉಬ್ಬೂ ಅದರ ಆಯುಸ್ಸಿನಲ್ಲಿ ಲೆಕ್ಕಕ್ಕೆ ಸೇರುತ್ತವೆ. ಗೀರಿನಲ್ಲಿ ಹುಟ್ಟಿದ ಬಿರುಕು ದಿನದಿನವೂ ಬೆಳೆದು, ಒಂದು ದಿನ ಹೇಳದೆ ಕೇಳದೆ ತುಂಡಾಗುತ್ತದೆ. ನಾನು ಕೆಲಸಮಾಡುತ್ತಿದ್ದ ಒಂದು ಊರಿನಲ್ಲಿ, ಅಂಗಡಿಯೊಂದರಲ್ಲಿ ಹೀಗೆ ಉಜ್ಜಿ ಕೂಡಿಸಿದ ಹ್ಯಾಂಡಲ್ಲು ಇಳಿಜಾರಿನಲ್ಲಿ ಮುರಿದು, ನನ್ನ ತರಗತಿಯ ಹುಡುಗನೊಬ್ಬನು ಮೋರಿಯ ಕಲ್ಲಿನ ಮೇಲೆ ಬಿದ್ದನು. ಅವನು ಬದುಕಿದನು. ಮೂರು ತಿಂಗಳ ತರುವಾಯ ಅವನು ತರಗತಿಗೆ ಬಂದು ಪದ್ಯವನ್ನು ಹೇಳತೊಡಗಿದಾಗ, ಮುಂದಿನ ಹಲ್ಲುಗಳಿಲ್ಲದೆ ದಂತ್ಯಾಕ್ಷರಗಳು ಅವನಿಗೆ ಹೊರಡಲಿಲ್ಲ. ತವರ್ಗವನ್ನು ಪಾಠಮಾಡುವಾಗಲೆಲ್ಲ ನನಗೆ ಆ ಮುಖವು ನೆನಪಾಗುತ್ತದೆ.

ಕೂಡಿಸಿದ ಮೇಲೆ ಬಿಗಿಯುವ ಕ್ರಮ. ಹ್ಯಾಂಡಲ್ಲು, ಬಳೆ, ಬಾಯಿ ಇವುಗಳ ಮೇಲಿನ ಎಣ್ಣೆ ಜಿಡ್ಡನ್ನು ಒರಸಿ ತೆಗೆಯಬೇಕು. ಮುಂದೆ ನಾಲ್ಕು ತಿರುಪುಗಳಿರುವ ಕೊರಳಾದರೆ ಒಂದನ್ನೇ ಪೂರ್ತಿಯಾಗಿ ಬಿಗಿಯದೆ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಮೇಲಿನ ಸಂದಿಯೂ ಕೆಳಗಿನ ಸಂದಿಯೂ ಸಮನಾಗಿ ಉಳಿಯಬೇಕು. ಎಷ್ಟು ಬಿಗಿಯಬೇಕೆಂಬುದನ್ನು ಅನೇಕ ಕೊರಳುಗಳ ಮೇಲೆಯೇ ಕೆತ್ತಿರುತ್ತಾರೆ. ಸಾಮಾನ್ಯವಾಗಿ 5 ನ್ಯೂಟನ್-ಮೀಟರು. ಹತ್ತು ಸೆಂಟಿಮೀಟರು ಉದ್ದದ ಕೀಲಿಯ ತುದಿಗೆ ಐದು ಕಿಲೋ ತೂಗುವಷ್ಟು ಬಲವನ್ನು ಹಾಕಿದರೆ ಹೆಚ್ಚು ಕಡಮೆ ಅಷ್ಟಾಗುವುದು. ಇದನ್ನು ಕೇಳಿ ಸಾಹೇಬರು ನಕ್ಕು, “ಮೇಷ್ಟ್ರೇ, ನನ್ನ ಮುಂಗೈಗೆ ಆ ಲೆಕ್ಕ ಗೊತ್ತದೆ. ಜಾಸ್ತಿ ಬಿಗಿದ್ರೆ ತಿರುಪು ಅಳ್ತದೆ, ಅದನ್ನ ಕೇಳಬೇಕು” ಎಂದರು. ತಿರುಪಿನ ಅಳುವನ್ನು ಕೇಳಬಲ್ಲವನೇ ಆ ಶಾಸ್ತ್ರದಲ್ಲಿ ವಿದ್ವಾಂಸನೆಂದು ನಾನು ಒಪ್ಪಿಕೊಂಡೆನು. ಆ ಕಿವಿಯಿಲ್ಲದ ನನ್ನಂಥವರಿಗೆ ಅಂಕೆಯೇ ಗತಿ.

ಬಿಗಿದ ಮಾತ್ರಕ್ಕೆ ಕಾರ್ಯವು ಮುಗಿಯದು, ಪರೀಕ್ಷೆಯಿಲ್ಲದ ಪಾಠವುಂಟೆ? ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ ದೊಡ್ಡವರೊಬ್ಬರು ಹ್ಯಾಂಡಲ್ಲಿನ ಎರಡು ತುದಿಗಳ ಮೇಲೂ ಮೈಭಾರವನ್ನು ಬಿಡಬೇಕು. ಅದು ಸ್ವಲ್ಪವೂ ತಿರುಗಬಾರದು. ಬಳಿಕ ಚಕ್ರವನ್ನು ಮೊಳಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ಎಡಬಲಕ್ಕೆ ತಿರುಚಿ ನೋಡಬೇಕು. ಚಕ್ರವನ್ನು ಬಿಟ್ಟು ಕೊರಳೊಂದೇ ತಿರುಗಬಾರದು. ಹೀಗೇಕೆಂದರೆ, ಸವಾರನು ಬ್ರೇಕು ಹಿಡಿದ ಕ್ಷಣದಲ್ಲಿಯೇ ಅವನ ಭಾರವೆಲ್ಲ ಮುಂದಕ್ಕೆ ನುಗ್ಗಿ ಅಂಗೈಗಳ ಮೇಲೆ ಬೀಳುವುದು. ಸಡಿಲವಾದ ಹ್ಯಾಂಡಲ್ಲು ಆಗಲೇ ವಾಲುವುದು. ಬ್ರೇಕಿನ ಹಿಡಿಯು ಬೇಕಾದ ಹೊತ್ತಿನಲ್ಲಿಯೇ ಬೆರಳಿನಿಂದ ತಪ್ಪಿಹೋಗುವುದು. ಕಡೆಯದಾಗಿ, ಹ್ಯಾಂಡಲ್ಲು ಬಳೆ ಕೊರಳು ಮೂರನ್ನೂ ದಾಟುವಂತೆ ಬಣ್ಣದಿಂದ ಒಂದು ಸಣ್ಣ ಗೆರೆಯನ್ನು ಎಳೆದಿಡಬೇಕು. ದಿನವೂ ಹೊರಡುವ ಮುನ್ನ ಆ ಗೆರೆಯು ನೇರವಾಗಿದೆಯೆ ಎಂದು ನೋಡಿದರೆ ಸಾಕು. ಮುರಿದಿದ್ದರೆ ಸಂಧಿಯು ಜಾರಿದೆಯೆಂದು ಓದು ಬಾರದವರಿಗೂ ತಿಳಿಯುವುದು.

ಹರಿದಾಸರು ದಶರಥನ ಕಥೆಯನ್ನು ಹೇಳುವಾಗ, ಯುದ್ಧದ ನಡುವೆ ರಥದ ಕಡಾಣಿಯು ಕಳಚಿದುದನ್ನು ಕಂಡು ಕೈಕೇಯಿಯು ಅಲ್ಲಿ ತನ್ನ ಬೆರಳನ್ನೇ ಇಟ್ಟಳೆಂದು ವರ್ಣಿಸುವುದುಂಟು. ಆ ಒಂದು ಬೆರಳಿಗೆ ರಾಜನು ಎರಡು ವರಗಳನ್ನು ಕೊಡಬೇಕಾಯಿತು. ಮುಂದಿನ ರಾಮಾಯಣವೆಲ್ಲವೂ ಅದರಿಂದಲೇ ನಡೆಯಿತು. ಹೊರಡುವ ಮುನ್ನ ಸಾರಥಿಯು ಕಡಾಣಿಯನ್ನು ಒಮ್ಮೆ ನೋಡಿದ್ದರೆ ಎಷ್ಟು ಮಂದಿಯ ಕಣ್ಣೀರು ಉಳಿಯುತ್ತಿತ್ತೋ! ನಮ್ಮ ಮಕ್ಕಳ ಬೈಸಿಕಲ್ಲಿಗೆ ಬೆರಳನ್ನಿಡಲು ಕೈಕೇಯಿಯೂ ಬರುವುದಿಲ್ಲ.

ವ್ಯಾಕರಣದಲ್ಲಿ ನಾಲ್ಕನೆಯದೊಂದು ಮಾತು ಇದೆ; ಪ್ರಕೃತಿಭಾವ. ‘ಅಯ್ಯೋ’ ‘ಇದೇನು’ ಎಂಬೆರಡು ಎಷ್ಟು ಹತ್ತಿರ ಬಂದರೂ ಸಂಧಿಯಾಗದೆ ತಮ್ಮ ತಮ್ಮ ರೂಪದಲ್ಲಿಯೇ ನಿಲ್ಲುತ್ತವೆ. ಹ್ಯಾಂಡಲ್ಲುಗಳಲ್ಲಿಯೂ ಇಂಥವುಂಟು. ಒಮ್ಮೆ ಬಗ್ಗಿದ್ದನ್ನು ಬಡಿದು ನೆಟ್ಟಗೆ ಮಾಡಿದ್ದು, ನಡುವೆ ಗೀರು ಬಿದ್ದದ್ದು, ತಯಾರಿಸಿದವರು ಒಪ್ಪಿಗೆ ಕೊಡದಿರುವ ಕಾರ್ಬನ್ನಿನದು, ಬಾಯಿಗಿಂತ ದಪ್ಪನಾದದ್ದು ಇವುಗಳನ್ನು ಕೂಡಿಸಹೋದರೆ ಕಡೆಗೆ ‘ಅಯ್ಯೋ, ಇದೇನು’ ಎಂಬುದೊಂದೇ ಉಳಿಯುವುದು. ಅವುಗಳನ್ನು ಬೇರೆ ಬೇರೆಯಾಗಿಯೇ ಬಿಡತಕ್ಕದ್ದು. ನಮ್ಮ ಜಿಲ್ಲೆಯಾದರೂ ಇದಕ್ಕೆ ಉದಾಹರಣೆಯೇ. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ, ಚಿತ್ರದುರ್ಗದಿಂದ ಜಗಳೂರು ಮೊದಲಾದುವನ್ನೂ, ಬಳ್ಳಾರಿಯಿಂದ ಹರಪನಹಳ್ಳಿಯನ್ನೂ ತಂದು ದಾವಣಗೆರೆ ಜಿಲ್ಲೆಯನ್ನು ಕೂಡಿಸಿದರು. ಹರಪನಹಳ್ಳಿಯು 2018ರಲ್ಲಿ ಬಳ್ಳಾರಿಗೆ ಮರಳಿತು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಮಿಕ್ಕ ಮಲೆಯ ಸೆರಗೂ ಬಯಲುಸೀಮೆಯೂ ತಮ್ಮ ತಮ್ಮ ಮಾತನ್ನೂ ಬೆಳೆಯನ್ನೂ ಬಿಡದೆ ಒಂದಾಗಿ ನಡೆಯುತ್ತಿವೆ. ಯಾರನ್ನೂ ಅರದಿಂದ ಉಜ್ಜಬೇಕಾಗಲಿಲ್ಲ.

ಹುಡುಗನ ಬೈಸಿಕಲ್ಲಿಗೆ ಬಳೆಯು ಬಂದು ಕುಳಿತ ದಿನ ಸಾಹೇಬರು ಅವನನ್ನು ಮೊದಲು ಬಯಲಿನಲ್ಲಿಯೇ ನಾಲ್ಕು ಸುತ್ತು ತಿರುಗಿಸಿ, ಬ್ರೇಕು ಹಿಡಿಸಿ ನೋಡಿ, ಆಮೇಲೆಯೇ ರಸ್ತೆಗೆ ಬಿಟ್ಟರು. ತಾವು ಮಾಡಿದ ಕೆಲಸಕ್ಕೆ ಕೂಲಿಯನ್ನು ತೆಗೆದುಕೊಳ್ಳಲಿಲ್ಲ. “ಹತ್ತನೇ ಕ್ಲಾಸು ಪಾಸಾದ ಮೇಲೆ ಕೊಡಪ್ಪ” ಎಂದರು. ಅವನು ಈಗ ಪ್ರತಿದಿನವೂ ಹಾಲನ್ನು ಕೊಟ್ಟು, ಒಮ್ಮೆ ಬಗ್ಗಿ ಬಣ್ಣದ ಗೆರೆಯನ್ನು ನೋಡಿ, ಶಾಲೆಗೆ ಹೊರಡುತ್ತಾನೆ. ಈ ಪತ್ರಿಕೆಯ ವಾಚಕರಲ್ಲಿ ಉಪಾಧ್ಯಾಯರು ಅನೇಕರಿರುವರಾದ್ದರಿಂದ ಒಂದು ವಿಜ್ಞಾಪನೆಯನ್ನು ಮಾಡಿಕೊಳ್ಳುತ್ತೇನೆ. ತಮ್ಮ ಶಾಲೆಯ ಅಂಗಳದಲ್ಲಿ ನಿಂತಿರುವ ಮಕ್ಕಳ ಬೈಸಿಕಲ್ಲುಗಳ ಬಳಿಗೆ ಒಂದು ದಿನ ಹೋಗಿ, ಪ್ರತಿಯೊಂದರ ಮುಂದಿನ ಚಕ್ರವನ್ನೂ ಗೋಡೆಗೆ ಆನಿಸಿ, ಹ್ಯಾಂಡಲ್ಲಿನ ಮೇಲೆ ಒಮ್ಮೆ ಭಾರವನ್ನು ಬಿಟ್ಟು ನೋಡಬೇಕು. ಒಂದು ಬೈಸಿಕಲ್ಲಿಗೆ ಅರೆ ನಿಮಿಷವೂ ಹಿಡಿಯದು.